ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು

ದೊಡ್ಡ ಸಿನಿಮಾ ಬಿಡುಗಡೆಯಾದ ದಿನ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಬೆಂಗಳೂರಿನ ಕೆಂಪೇಗೌಡ ರಸ್ತೆಗೆ ಹೋಗಿ, ಯಾವುದಾದರೂ ಥಿಯೇಟರ್ ಪಕ್ಕದ ಟೀ ಅಂಗಡಿ ಮುಂದೆ ನಿಲ್ಲಿ. ಈತ ಸಿಕ್ಕೇ ಸಿಗುತ್ತಾನೆ. ನಿದ್ದೆಗೆಟ್ಟ ಕಣ್ಣು, ತಲೆಗೂದಲಲ್ಲಿ ಬಣ್ಣದ ಕಾಗದದ ಚೂರು, ಅಂಗಿ ತೋಳಿನ ಮೇಲೆ ಒಣಗಿದ ಹಾಲಿನ ಕಲೆ. ಹಾಲು ಕಟೌಟಿಗೆ ಹೊಯ್ದದ್ದು. ಮನೆಗೆಂದು ತಂದ ಪ್ಯಾಕೆಟ್ಟೇ ಅಲ್ಲಿಗೆ ಹೋಗಿರುತ್ತದೆ, ಅಮ್ಮನಿಗೆ ಅದು ಕಾಫಿ ಕಾಸುವ ಹೊತ್ತಿಗೆ ತಿಳಿಯುತ್ತದೆ. ಬೆಳಗಿನ ಜಾವದ ಫ್ಯಾನ್ಸ್ ಶೋ ಮುಗಿಸಿ ಬಂದಿದ್ದಾನೆ. ಗಂಟಲು ಕಟ್ಟಿದೆ. ಅಭಿಪ್ರಾಯಕ್ಕೆ ಏನೂ ಆಗಿಲ್ಲ.

ನಮ್ಮ ಬೀದಿಯಲ್ಲಿ ಇಂಥವರೊಬ್ಬರಿದ್ದಾರೆ. ಪಂಡಿತರು ಎನ್ನುತ್ತೇವೆ. ಜೆ.ಸಿ. ರಸ್ತೆಯಲ್ಲಿ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ. ಹಿಂದೆಲ್ಲ ಶುಕ್ರವಾರಗಳಂದು ಅವರ ಅಜ್ಜಿಯರು ಸರದಿ ಪ್ರಕಾರ ತೀರಿಕೊಳ್ಳುತ್ತಿದ್ದರು. ಮಾಲೀಕರು ಬೇಸತ್ತು, ಈಗ ಬಿಡುಗಡೆ ದಿನಗಳಿಗೆ ಕ್ಯಾಲೆಂಡರಿನಲ್ಲಿ ಮೊದಲೇ ಸುತ್ತು ಹಾಕಿಸಿಕೊಂಡಿದ್ದಾರೆ. ಪಂಡಿತರು ಯಾವ ನಟನ ಅಭಿಮಾನಿ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಂದು ಸಂಘದವರು ಹಾರ ಹಿಡಿದುಕೊಂಡು ಬರುತ್ತಾರೆ. ಮಿಕ್ಕ ಸಂಘದವರೂ ಬರುತ್ತಾರೆ, ಹಾರ ಇರುವುದಿಲ್ಲ. ಸದ್ಯಕ್ಕೆ 'ನಮ್ಮಣ್ಣ' ಅಂದಿಟ್ಟುಕೊಳ್ಳೋಣ.

ಥಿಯೇಟರಿನ ಗೇಟಿನ ಹತ್ತಿರ ಯೂಟ್ಯೂಬ್ ಚಾನೆಲಿನವರು ಮೈಕ್ ಹಿಡಿದು ನಿಂತಿರುತ್ತಾರಲ್ಲ, ಪಂಡಿತರ ತೀರ್ಪು ಮೊದಲು ಹೊರಬೀಳುವುದು ಅಲ್ಲಿ. "ನಮ್ಮಣ್ಣ ಬೆಂಕಿ! ಇಂಟರ್‌ವಲ್ ಸೀನಿಗೆ ಮೈಯೆಲ್ಲ ಜುಮ್ಮಂತು! ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು, ಪರವಾಗಿಲ್ಲ, ಫ್ಯಾಮಿಲಿ ಸಮೇತ ಬನ್ನಿ!" ಒಂದು ಸಲ ಆ ವಿಡಿಯೊ ನೋಡುವಾಗ ಸಣ್ಣ ಅನುಮಾನ ಬಂತು. ಅವರ ಬೆನ್ನ ಹಿಂದೆ ಜನ ಇನ್ನೂ ಸಾಲಿನಲ್ಲಿ ಒಳಗೆ ಹೋಗುತ್ತಿದ್ದರು. ಕೇಳಿದೆ. "ಶೋ ಬಿಟ್ಮೇಲೆ ರಶ್ಶಲ್ಲಿ ಮೈಕ್ ಸಿಗಲ್ಲ ಸಾರ್" ಅಂದರು.

ಒಳಗೆ ಅವರು ಸಿನಿಮಾ ನೋಡುವ ಕ್ರಮವೂ ವಿಶೇಷವೇ. ನಮ್ಮಣ್ಣನ ಹೆಸರು ತೆರೆಯ ಮೇಲೆ ಬೀಳುವಾಗ, ಎಂಟ್ರಿ ಆಗುವಾಗ, ಕೊನೆಯ ಫೈಟಿನಲ್ಲಿ, ಮೂರೂ ಸಲ ಮೊಬೈಲು ತಲೆಯ ಮೇಲೆ ಏರುತ್ತದೆ. ಅಷ್ಟು ದೊಡ್ಡ ಪರದೆ ಮುಂದಿದ್ದರೂ ಕಣ್ಣು ಆರಿಂಚಿನ ಪರದೆಯ ಮೇಲೆ. ಆ ಮೊಬೈಲಿನ ಬಲಮೂಲೆ ಬೇರೆ ಒಡೆದಿದೆ, ಅಣ್ಣ ಬಲಗಡೆಯಿಂದ ನಡೆದು ಬಂದರೆ ಇಬ್ಬರಾಗಿ ಬರುತ್ತಾರೆ. ಹೊರಗೆ ಬಂದಮೇಲೆ ನಮಗೆ ಉಪದೇಶ: "ಇಂಥಾ ಸಿನಿಮಾನ ಮೊಬೈಲಲ್ಲಿ ನೋಡೋದು ಪಾಪ ಸಾರ್. ಓಟಿಟಿಗೆ ಕಾಯ್ಬೇಡಿ."

ಟೀ ಅಂಗಡಿಯ ಚರ್ಚೆಯಲ್ಲಿ ಪಂಡಿತರ ಅಳತೆಗೋಲು ಒಂದೇ, ಗುರುತುಗಳು ಮಾತ್ರ ಎರಡೂ ಕಡೆ ಬೇರೆಬೇರೆ. ಎದುರು ಪಾಳಯದ ಹೀರೋ ಸುಮ್ಮನೆ ನಿಂತರೆ "ಮುಖದಲ್ಲಿ ಎಕ್ಸ್‌ಪ್ರೆಷನ್ನೇ ಇಲ್ಲ", ನಮ್ಮಣ್ಣ ನಿಂತರೆ "ಕಣ್ಣಲ್ಲೇ ಆ್ಯಕ್ಟಿಂಗು". ಅವರು ಕಿರುಚಿದರೆ ಓವರು, ನಮ್ಮಣ್ಣ ಕಿರುಚಿದರೆ ಮಾಸು. ಅವರ ಸಿನಿಮಾ ನಿಧಾನವಾದರೆ ಲ್ಯಾಗು, ನಮ್ಮದು ನಿಧಾನವಾದರೆ ಫೀಲು. ಅವರ ಥಿಯೇಟರು ಖಾಲಿ ಹೊಡೆದರೆ ತೋಪು. ನಮ್ಮದು ಖಾಲಿ ಹೊಡೆದರೆ ಕ್ಲಾಸ್ ಸಿನಿಮಾ, ಸೋಮವಾರದಿಂದ ಪಿಕಪ್ ಆಗುತ್ತೆ. ಆ ಸೋಮವಾರ ಎಷ್ಟೋ ಸಿನಿಮಾಗಳಿಗೆ ಇವತ್ತಿಗೂ ಬಂದಿಲ್ಲ.

2024ರ ಡಿಸೆಂಬರು ಅವರಿಗೆ ಬಹಳ ಕಷ್ಟದ ತಿಂಗಳು. 20ಕ್ಕೆ ಉಪೇಂದ್ರರ 'ಯುಐ', 25ಕ್ಕೆ ಸುದೀಪರ 'ಮ್ಯಾಕ್ಸ್'. ಐದು ದಿನದ ಅಂತರದಲ್ಲಿ ಎರಡು ತೀರ್ಪು ಬರೆಯಬೇಕು. ಅದರಲ್ಲೂ 'ಯುಐ' ಮೊದಲಲ್ಲೇ ಎಡವಟ್ಟು ಮಾಡಿತು. ಬುದ್ಧಿವಂತರಾದರೆ ಈಗಲೇ ಎದ್ದು ಹೋಗಿ, ದಡ್ಡರಾದರೆ ಪೂರ್ತಿ ನೋಡಿ ಎಂಬರ್ಥದ ಬರಹ ತೆರೆಯ ಮೇಲೆ. ಇಡೀ ಥಿಯೇಟರು ಶಿಳ್ಳೆ ಹೊಡೆಯಿತು, ಪಂಡಿತರು ಮಾತ್ರ ಅರ್ಧ ಎದ್ದರು. ಎದ್ದು ಹೋದರೆ ಟಿಕೆಟ್ ದುಡ್ಡು ಹೋಯಿತು, ಕೂತರೆ ಮರ್ಯಾದೆ ಹೋಯಿತು. ಹಿಂದಿನ ಸಾಲಿನವನು "ಗುರೂ, ಕೂತ್ಕೊ, ತಲೆ ಅಡ್ಡ" ಅಂದದ್ದರಿಂದ ಬಚಾವಾದರು. ಅಲ್ಲಿಂದ ಬಂದು ಸಿನಿಮಾದ ಅರ್ಥವನ್ನು ನನಗೆ ಮೂರು ರೀತಿ ವಿವರಿಸಿದರು, ಮೂರರಲ್ಲೂ ಉಪೇಂದ್ರರಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿತ್ತು. 'ಮ್ಯಾಕ್ಸ್' ಒಂದೇ ರಾತ್ರಿಯಲ್ಲಿ ನಡೆಯುವ ಪೊಲೀಸ್ ಕಥೆ. ಅದರ ಬಗ್ಗೆ ಅವರ ಚಿಂತೆ ಇಷ್ಟೇ: ಒಂದು ರಾತ್ರಿಯೆಲ್ಲ ಹೀರೋಗೆ ಬಟ್ಟೆ ಬದಲಿಸುವ ಅವಕಾಶ ಇಲ್ಲವಲ್ಲ, ಅಭಿಮಾನಿಗಳು ಹೊಸ ಗೆಟಪ್ಪಿಗೆ ಎಲ್ಲಿ ಹೋಗಬೇಕು?

ನಟನೆಯನ್ನು ಪಂಡಿತರು ಕೆಜಿಯಲ್ಲಿ ಅಳೆಯುತ್ತಾರೆ. ಯಾರು ಎಷ್ಟು ದಪ್ಪಗಾದರು, ಎಷ್ಟು ತೆಳ್ಳಗಾದರು, ಗಡ್ಡ ಎಷ್ಟು ತಿಂಗಳಿನದು, ಡ್ಯೂಪ್ ಇಲ್ಲದೆ ಎಷ್ಟನೇ ಮಹಡಿಯಿಂದ ಹಾರಿದರು, ಎಲ್ಲ ಬಾಯಿಪಾಠ. 'ಕಾಂತಾರ ಚಾಪ್ಟರ್ 1' ಬಂದಾಗ ರಿಷಬ್ ಶೆಟ್ಟಿ ಕಳರಿಪಯಟ್ಟು ಕಲಿತದ್ದನ್ನು ತಾವೇ ಕಲಿಸಿದವರ ಹಾಗೆ ಹೇಳಿದರು. ನಾನು ತಡೆಯಲಾರದೆ 2022ರ ಮೊದಲ 'ಕಾಂತಾರ'ದ ಕೊನೆಗೆ ಹೋದೆ. ದೈವ ಮೈಮೇಲೆ ಬಂದವನು ಊರವರ ಕೈ, ಅರಣ್ಯಾಧಿಕಾರಿಯ ಕೈ ಎರಡನ್ನೂ ಹಿಡಿದು ಎದೆಗೆ ತಂದುಕೊಳ್ಳುತ್ತಾನೆ. ಒಂದು ಮಾತೂ ಇಲ್ಲ, ಹೇಳಬೇಕಾದ್ದೆಲ್ಲ ಆ ಕಣ್ಣು ಮತ್ತು ಬೆರಳುಗಳಲ್ಲೇ ಇದೆ. "ಆ ಮುಖ ನೋಡಿದಿರಾ ಪಂಡಿತರೇ?" ಎಂದು ಕೇಳಿದೆ. ಅವರು ಟೀ ಗ್ಲಾಸು ಕೆಳಗಿಟ್ಟು, ಗಂಭೀರವಾಗಿ, "ಆ ಸೀನಿಗೆ ಎಷ್ಟು ದಿನ ಶೂಟಿಂಗ್ ಮಾಡಿರ್ಬೋದು ಅಂತೀರಾ?" ಅಂದರು.

ಅದೇ ಚಿತ್ರಕ್ಕೆ ರಿಷಬ್‌ಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದದ್ದು 2024ರ ಆಗಸ್ಟಿನಲ್ಲಿ ಪ್ರಕಟವಾಯಿತು. ಮಧ್ಯಾಹ್ನ ಪಂಡಿತರು "ಎಲ್ಲ ಲಾಬಿ ಸಾರ್, ನಮ್ಮಣ್ಣನಿಗೆ ಯಾವ ಕಾಲಕ್ಕೋ ಬರ್ಬೇಕಿತ್ತು" ಅಂದರು. ಸಂಜೆ ಹೈದರಾಬಾದಿನ ಯಾರೋ ಅದೇ ಮಾತನ್ನು ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನು ಕಂಡು ರಾತ್ರಿ ಹನ್ನೆರಡರವರೆಗೆ ರಿಷಬ್ ಪರವಾಗಿ ಯುದ್ಧ ಮಾಡಿದರು. ಅವರ ದ್ವೇಷಗಳೆಲ್ಲ ಅತ್ತಿಬೆಲೆ ಟೋಲ್ ದಾಟುವುದಿಲ್ಲ. ಬೆಂಗಳೂರಿನಲ್ಲಿ 'ಕೆಜಿಎಫ್' ಎಂದರೆ "ಬರೀ ಬಿಲ್ಡಪ್ಪು". 2022ರಲ್ಲಿ ಎರಡನೇ ಭಾಗ ಸಾವಿರ ಕೋಟಿ ದಾಟಿದ ಮೇಲೆ ಚೆನ್ನೈ ರೈಲಿನಲ್ಲಿ ಎದುರು ಸೀಟಿನವರಿಗೆ ತಮಿಳಿನಲ್ಲಿ, ಅಂದರೆ ಕನ್ನಡಕ್ಕೆ ಅಲ್ಲಲ್ಲಿ 'ಪ್ಪಾ' ಸೇರಿಸಿ, ಜೋಲಾರಪೇಟೆ ಬರುವಷ್ಟರಲ್ಲಿ ಯಶ್ ತಮ್ಮ ಪಕ್ಕದ ಮನೆಯವರು ಎನ್ನುವ ಮಟ್ಟ ಮುಟ್ಟಿದ್ದರು. ಇದೊಂದು ಗುಣಕ್ಕಾಗಿ ನನಗೆ ಅವರ ಮೇಲೆ ನಿಜಕ್ಕೂ ಪ್ರೀತಿ.

ಟೀ ಅಂಗಡಿಯಲ್ಲಿ ಅವರಿಗೆ ಇಬ್ಬರು ವೈರಿಗಳು. ಒಬ್ಬರು ನಿವೃತ್ತ ಹಿರಿಯರು. ಯಾವ ಸಿನಿಮಾದ ಮಾತೆತ್ತಿದರೂ, "ಇದೇ ರಸ್ತೆ ಸ್ಟೇಟ್ಸ್ ಥಿಯೇಟರಲ್ಲಿ ಬಂಗಾರದ ಮನುಷ್ಯ ಎರಡು ವರ್ಷ ಓಡ್ತು ಕಣಯ್ಯಾ, ನಿಮ್ಮಣ್ಣಂದು ಎರಡು ವಾರ ಓಡ್ತಾ?" ಎಂದು ಮುಗಿಸಿಬಿಡುತ್ತಾರೆ. 1972ರ ಆ ಬಾಣಕ್ಕೆ ಪಂಡಿತರ ಬತ್ತಳಿಕೆಯಲ್ಲಿ ಉತ್ತರ ಇಲ್ಲ, ಅಣ್ಣಾವ್ರನ್ನು ಏನಾದರೂ ಅನ್ನುವ ಧೈರ್ಯ ಅದಕ್ಕಿಂತ ಮೊದಲೇ ಇಲ್ಲ. ಇನ್ನೊಬ್ಬನು ಚಿತ್ರೋತ್ಸವದ ಹುಡುಗ, ಬ್ಯಾಡ್ಜನ್ನು ಉತ್ಸವ ಮುಗಿದು ತಿಂಗಳಾದರೂ ಕತ್ತಿನಿಂದ ತೆಗೆಯದವನು. ಅವನ ಬಾಯಲ್ಲಿ ಬರುವುದು ಒಂದೇ ಮಾತು: "ಮಲಯಾಳಂನಲ್ಲಿ ನೋಡಿ." ನೋಡಿದವರು ಯಾರೂ ಇಲ್ಲದ್ದರಿಂದ ಅವನೇ ಗೆಲ್ಲುತ್ತಾನೆ.

ಲೆಕ್ಕಾಚಾರದಲ್ಲಿ ಮಾತ್ರ ಪಂಡಿತರನ್ನು ಸೋಲಿಸುವವರಿಲ್ಲ. ಗ್ರಾಸ್, ನೆಟ್, ಶೇರ್ ಮೂರರ ವ್ಯತ್ಯಾಸವನ್ನು ನಿದ್ದೆಯಲ್ಲೂ ಹೇಳಬಲ್ಲರು, ತಮ್ಮ ಪಿಎಫ್ ಎಷ್ಟು ಕಡಿತವಾಗುತ್ತದೆಂದು ಎಚ್ಚರದಲ್ಲೂ ಗೊತ್ತಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ₹200ರ ಮಿತಿ ಹಾಕಿದಾಗ ಅವರ ಮನಸ್ಸಿನಲ್ಲಿ ಎರಡು ಪಕ್ಷವಾಯಿತು. ಜೇಬು ಜೈ ಅಂದಿತು. ಆದರೆ ತಲೆಗೂ ₹200 ಆದರೆ ನಮ್ಮಣ್ಣನ ಸಿನಿಮಾ ನೂರು ಕೋಟಿ ಮುಟ್ಟಲು ಎಷ್ಟು ತಲೆ ಬೇಕು? ಎರಡು ದಿನ ಊಟ ಸೇರಲಿಲ್ಲ. ಅದೇ ತಿಂಗಳು ಹೈಕೋರ್ಟು ಆದೇಶಕ್ಕೆ ತಡೆ ಕೊಟ್ಟಿತು. ಪಂಡಿತರು ಸರ್ಕಾರದ ಸೋಲಿಗೆ ದುಃಖಿಸಿ, ಕಲೆಕ್ಷನ್ನಿನ ಗೆಲುವಿಗೆ ಸಿಹಿ ಹಂಚಿದರು.

ಅವರ ತಂಗಿ ಬೇರೆ ಥರ. ಬಿ.ಎಡ್. ಓದುತ್ತಾಳೆ, ಮಾತು ಕಡಿಮೆ. 2023ರಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಎರಡು ಭಾಗವಾಗಿ ಬಂತಲ್ಲ, ಪಂಡಿತರು ಸೈಡ್ ಬಿ ನೋಡಿ ಬಂದು ರಕ್ಷಿತ್ ಶೆಟ್ಟಿ ಪಾತ್ರಕ್ಕಾಗಿ ದಪ್ಪಗಾದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ತಂಗಿ ಬಟ್ಟೆ ಮಡಿಸುತ್ತ ಕೇಳಿದಳು, "ಅಣ್ಣಾ, ಜೈಲಿಗೆ ಬಂದು ಅವನ ಮುಂದೆ ಕೂರ್ತಾಳಲ್ಲ ಪ್ರಿಯಾ, ಒಂದೊಂದು ಸಲಾನೂ ಅವಳ ನಗು ಬೇರೆ ಇರುತ್ತೆ. ಗಮನಿಸಿದ್ಯಾ? ಆ ಕ್ಯಾಸೆಟ್ಟಲ್ಲಿ ಬರೀ ದನಿ ಕೇಳಿಸ್ದಾಗ್ಲೂ ಆ ನಗು ಕಾಣುತ್ತೆ."

ಪಂಡಿತರು ಸ್ವಲ್ಪ ಹೊತ್ತು ಯೋಚಿಸಿದರು. "ಹೀರೋಯಿನ್ನಾ? ಅವ್ರೂ ಚೆನ್ನಾಗಿ ಮಾಡಿದಾರೆ."

ರುಕ್ಮಿಣಿ ವಸಂತ್ ಎಂಬ ಹೆಸರು ಅವರ ಬಾಯಿಂದ ಬರಲು 'ಕಾಂತಾರ ಚಾಪ್ಟರ್ 1'ರ ಕಲೆಕ್ಷನ್ ಬೇಕಾಯಿತು.

ಇಂಥ ಪಂಡಿತರನ್ನು 2025ರ ಜುಲೈ 25ರಂದು ಬಿಡುಗಡೆಯಾದ ಒಂದು ಸಣ್ಣ ಸಿನಿಮಾ ಕಂಗಾಲು ಮಾಡಿತು. 'ಸು ಫ್ರಮ್ ಸೋ'. ಕಟೌಟಿಲ್ಲ, ಪಟಾಕಿಯಿಲ್ಲ, ದೊಡ್ಡ ಹೀರೋ ಅನ್ನುವವರೇ ಇಲ್ಲ. ಶುರುವಿನಲ್ಲಿ ಕೆಲವೇ ಶೋ, ವಾರದೊಳಗೆ ಬೇಕೆಂದರೂ ಟಿಕೆಟ್ ಇಲ್ಲ. ಟಿಕೆಟ್ ಕಾದಿರಿಸಿ ಕರೆದೊಯ್ದವಳು ತಂಗಿ, ನಾನೂ ಜೊತೆಗಿದ್ದೆ. ದೀಪ ಆರಿದ ಕೂಡಲೇ ಪಂಡಿತರ ಮೊಬೈಲು ರೂಢಿಯಂತೆ ಮೇಲೇರಿತು. ಒಬ್ಬ ಬಂದ. ಇವನಾ? ಅಲ್ಲ. ಇನ್ನೊಬ್ಬ ಬಂದ. ಊರಿಗೆ ಊರೇ ಬಂತು. ಐದು ನಿಮಿಷ ಕೈ ಎತ್ತಿ ಹಿಡಿದು ಭುಜ ನೋವು ಬಂದು ಇಳಿಸಿದರು. ಸಿಕ್ಕಿಬೀಳುವ ಭಯಕ್ಕೆ ಅಶೋಕ ಮೈಮೇಲೆ ದೆವ್ವ ಬಂದವನಂತೆ ಆಡುವುದು, ಸೋಮೇಶ್ವರದ ಸುಲೋಚನಾ ಮೆಟ್ಟಿಕೊಂಡಿದ್ದಾಳೆಂದು ಊರೆಲ್ಲ ನಂಬುವುದು, ಎಲ್ಲದಕ್ಕೂ ರವಿಯಣ್ಣನನ್ನೇ ಕರೆಯುವುದು, ಪಂಡಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆಕೆಂಡ್ ಹಾಫ್ ಯಾವಾಗ ಮುಗಿಯಿತೋ ಅವರಿಗೆ ತಿಳಿಯಲೇ ಇಲ್ಲ. ಹೊರಗೆ ಮೈಕ್ ಹಿಡಿದವನು ಕಂಡರೂ ಹತ್ತಿರ ಹೋಗಲಿಲ್ಲ. ದಾರಿಯುದ್ದಕ್ಕೂ ಸೀನುಗಳನ್ನು ಆಡಿ ತೋರಿಸಿದರು, ಯಾರ ಕೆಜಿಯ ಮಾತೂ ಬರಲಿಲ್ಲ. ನಾನು ಇವರು ಸುಧಾರಿಸಿದರು ಅಂದುಕೊಂಡೆ.

ಮುಂದಿನ ಭಾನುವಾರ ಮನೆಗೆ ಹೋದರೆ ಪಂಡಿತರು ಯಾರೊಡನೆಯೋ ಫೋನಿನಲ್ಲಿ ಜಗಳ ಆಡುತ್ತಿದ್ದರು. ಇಟ್ಟು, ನನ್ನ ಕಡೆ ತಿರುಗಿ, "ನೋಡಿ ಸಾರ್, ಈ ಅಶೋಕನ ಫ್ಯಾನ್ಸು ಜಾಸ್ತಿ ಮಾತಾಡ್ತಿದಾರೆ. ಸಿನಿಮಾನ ಹೊತ್ತಿರೋದು ರವಿಯಣ್ಣ. ಆ ಮನುಷ್ಯನ ಎಂಟ್ರಿಗೆ ಬಿಜಿಎಂ ಸಾಲ್ದು ಅಂತ ನಾನು ಮೊದಲ ದಿನಾನೇ ಹೇಳ್ದೆ" ಅಂದರು.

ತಂಗಿ ಟೀ ತಂದಿಟ್ಟಳು. "ಹಾಗಾದ್ರೆ ಸುಲೋಚನಾ?"

ಪಂಡಿತರು ಒಂದು ಗುಟುಕು ಕುಡಿದರು. "ಅವ್ರೂ ಚೆನ್ನಾಗಿ ಮಾಡಿದಾರೆ."