ನಲ್ಲಿಯೊಳಗಿನ ಸಾರ್ವಭೌಮ

ಬೆಂಗಳೂರಿನಲ್ಲಿ ನೀರು ಬಿಡುವ ದಿನ ನಲ್ಲಿಯಿಂದ ಮೊದಲು ಬುಸ್ಸೆಂದು ಬರುವ ಗಾಳಿಗೆ ಇನ್ನು ಮೇಲೆ ಕೈಮುಗಿಯಿರಿ. ಅದು ಪ್ರಭುತ್ವದ ಉಸಿರು. ನಮ್ಮ ಜಲಮಂಡಳಿಯೇ ಸುಪ್ರೀಂ ಕೋರ್ಟಿನ ತನಕ ಹೋಗಿ ಹೆಚ್ಚುಕಡಿಮೆ ಹಾಗೆ ವಾದಿಸಿತ್ತು. ಜನರಿಗೆ ನೀರು ಕೊಡುವುದು, ಅವರ ಕೊಳಚೆ ಸಾಗಿಸುವುದು ರಾಜನಾದವನ ಕೆಲಸ. ಹಾಗಾಗಿ ತಾನು ಕೈಗಾರಿಕೆಯಲ್ಲ, ಕೈಗಾರಿಕಾ ವಿವಾದ ಕಾಯ್ದೆ ತನಗೆ ತಾಕುವುದಿಲ್ಲ ಎಂದು.

ಮಂಡಳಿಯ ನೌಕರರು ಕೇಳಿದ್ದೇನು? ಸಿಂಹಾಸನವನ್ನೇನೂ ಕೇಳಿರಲಿಲ್ಲ. ದುರ್ನಡತೆಯ ಹೆಸರಿನಲ್ಲಿ ದಂಡ ಹಾಕಿ ತಮ್ಮಿಂದ ವಸೂಲಿ ಮಾಡಿದ ದುಡ್ಡು ವಾಪಸ್ ಕೊಡಿಸಿ ಎಂದಿದ್ದರು. ಲೇಬರ್ ಕೋರ್ಟು ಮಂಡಳಿಯ ತಕರಾರು ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ದಂಡದ ದುಡ್ಡು ಹೀಗೆ ದೆಹಲಿ ತಲುಪಿ, ‘ಕೈಗಾರಿಕೆ ಅಂದರೇನು’ ಎಂಬ ವೇದಾಂತವಾಯಿತು.

ಕಾಯ್ದೆ ಜಾರಿಗೆ ಬಂದದ್ದು 1947ರ ಏಪ್ರಿಲ್ 1ರಂದು. ದಿನಾಂಕದ ಬಗ್ಗೆ ನಾನೇನೂ ಹೇಳುವುದಿಲ್ಲ. ಅದರಲ್ಲಿ ಕೈಗಾರಿಕೆಯ ವ್ಯಾಖ್ಯೆ ಒಂದೇ ವಾಕ್ಯ, ಅದೂ ಆಸ್ಟ್ರೇಲಿಯಾದ ಕಾಯ್ದೆಯೊಂದನ್ನು ನೋಡಿಕೊಂಡು ಬರೆದದ್ದು: ವ್ಯಾಪಾರ, ವಹಿವಾಟು, ಉದ್ಯಮ, ತಯಾರಿಕೆ, ಕಸುಬು, ಸೇವೆ, ಕೈಕೆಲಸ, ಹೀಗೆ ಕಿರಾಣಿ ಚೀಟಿಯ ಹಾಗೆ. ಚೀಟಿ ಬರೆದವರು ಶಾಸನಸಭೆಯವರು, ಸಾಮಾನು ಕಟ್ಟಿಕೊಡುವವರು ನ್ಯಾಯಮೂರ್ತಿಗಳು. ಚೀಟಿಯಲ್ಲಿ ಬೇಳೆ ಅಂತಿದೆ, ತೊಗರಿಯೋ ಕಡಲೆಯೋ ಅಂತಿಲ್ಲ. ಮೊದಲ ಗಿರಾಕಿಗೆ ತೊಗರಿ ಕೊಟ್ಟರೆ ಆಮೇಲೆ ಬಂದವರಿಗೆಲ್ಲ ತೊಗರಿಯೇ. ಇದಕ್ಕೆ ಪೂರ್ವನಿರ್ಣಯ ಎಂದು ಹೆಸರು. ಇಂಗ್ಲಿಷರು ಬಿಟ್ಟುಹೋದ ಆಸ್ತಿಗಳಲ್ಲಿ ಇನ್ನೂ ಸೋರದೆ ಉಳಿದಿರುವ ಕಟ್ಟಡ. ಕಡಲೆಬೇಳೆಯೇ ಸರಿ ಎನ್ನಿಸಿದರೆ ಒಂದೇ ದಾರಿ, ಗಲ್ಲಾದ ಹಿಂದೆ ಕುರ್ಚಿ ಹೆಚ್ಚಿಸುವುದು.

1952ರಲ್ಲಿ ಪುರಸಭೆ ಕೈಗಾರಿಕೆಯ ಸಾಲಿಗೆ ಸೇರಿತು. 1960ರಲ್ಲಿ ಮೂವರು ಕೂತು ಮುಂಬಯಿಯ ಸರ್ಕಾರಿ ಆಸ್ಪತ್ರೆಯೂ ಕೈಗಾರಿಕೆಯೇ ಎಂದರು. ತೀರ್ಪು ಬರೆದವರು, ಹೆಸರಿನಲ್ಲೇ ನಮ್ಮ ಗಜೇಂದ್ರಗಡವನ್ನು ಹೊತ್ತಿದ್ದ ನ್ಯಾಯಮೂರ್ತಿ ಗಜೇಂದ್ರಗಡಕರ್. 1962ರಲ್ಲಿ ಸಾಲಿಸಿಟರುಗಳ ಕಚೇರಿಯ ಸರದಿ. ವಕೀಲಿಕೆಯಿಂದ ಮೇಲೆ ಬಂದವರ ಮುಂದೆ ವಕೀಲರ ಕಚೇರಿಯ ನೌಕರರು ನಿಂತರು. ಅದು ಬುದ್ಧಿ ಖರ್ಚು ಮಾಡುವ ವೃತ್ತಿ, ಕೈಗಾರಿಕೆಯಲ್ಲ ಎಂದಾಯಿತು. ನಿಮಗೆ ಆಶ್ಚರ್ಯವಾಯಿತೇ? ಮರುವರ್ಷ ದೆಹಲಿ ವಿಶ್ವವಿದ್ಯಾಲಯ. ಹುಡುಗಿಯರ ಕಾಲೇಜಿಗೆ ಬಸ್ಸು ಓಡಿಸುತ್ತಿದ್ದ ಇಬ್ಬರು ಚಾಲಕರನ್ನು, ಬಸ್ಸಿನಿಂದ ನಷ್ಟ ಎಂದು ಅದು ಮನೆಗೆ ಕಳಿಸಿತ್ತು. ವಿದ್ಯಾದಾನ ವ್ಯಕ್ತಿತ್ವ ರೂಪಿಸುವ ಕಾರ್ಯ, ಅದರಲ್ಲಿ ಚಾಲಕನಂಥವರ ಪಾತ್ರ ಗೌಣ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯ ಗೆದ್ದಿತು. ಸ್ಟೇರಿಂಗ್ ಹಿಡಿದವನಿಗೆ ಒಲಿಯದ ಸರಸ್ವತಿ, ಡೀಸೆಲ್ ಲೆಕ್ಕ ಹಾಕಿದವನಿಗೆ ಒಲಿದಳು.

1970ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯ ಕೇಸು. ಈ ಸಲ ಆರು ಮಂದಿ. ಹತ್ತು ವರ್ಷದ ಹಿಂದಿನ ಮೂವರು ತಪ್ಪಿದ್ದರು ಎಂದರು. ಅದೇ ಕಾಯ್ದೆ, ಅದೇ ವಾಕ್ಯ. ರಾತ್ರಿ ಕೈಗಾರಿಕೆಯಲ್ಲಿ ಮಲಗಿದ್ದ ರೋಗಿ ಬೆಳಗಾಗುವಷ್ಟರಲ್ಲಿ ಬರೀ ಆಸ್ಪತ್ರೆಯಲ್ಲಿದ್ದ.

ನಮ್ಮ ಜಲಮಂಡಳಿಗೆ ಏಳು ಕುರ್ಚಿ ಹಾಕಬೇಕಾಯಿತು. 1978ರ ಫೆಬ್ರವರಿ 21. ಮುಖ್ಯ ತೀರ್ಪು ಕೃಷ್ಣ ಅಯ್ಯರ್ ಅವರದು. (ಅವರ ಇಂಗ್ಲಿಷು ಓದಲು ಎದುರಿಗೊಂದು ನಿಘಂಟು, ಪಕ್ಕಕ್ಕೊಬ್ಬ ಮೇಷ್ಟ್ರು ಬೇಕು.) ಕೆಲಸ ವ್ಯವಸ್ಥಿತವಾಗಿರಬೇಕು, ಮಾಲೀಕರೂ ಕೆಲಸಗಾರರೂ ಕೂಡಿ ಮಾಡಬೇಕು, ಅದರಿಂದ ಜನಕ್ಕೆ ಬೇಕಾದ ಸರಕೋ ಸೇವೆಯೋ ಹುಟ್ಟಬೇಕು, ಲಾಭ ಬಂದರೂ ಸರಿ, ಬಾರದಿದ್ದರೂ ಸರಿ. ಆಸ್ಪತ್ರೆ, ವಿಶ್ವವಿದ್ಯಾಲಯ, ಕ್ಲಬ್ಬು, ಸಾಲಿಸಿಟರು ಎಲ್ಲರೂ ಒಳಗೆ. ಬರೀ ಆಧ್ಯಾತ್ಮಿಕವಾದದ್ದು ಹೊರಗೆ, ಆದರೆ ಪ್ರಸಾದವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರೆ ಅದು ಒಳಗೆ. ಅಂದರೆ ಕಡಾಯಿಯ ಹತ್ತಿರ ಇರುವಷ್ಟು ಹೊತ್ತು ಲಾಡು ಕೈಗಾರಿಕೆ, ಗಂಟೆ ಬಾರಿಸಿದ ಮೇಲೆ ಮೋಕ್ಷ. ಐವರು ಹೌದೆಂದರು, ಇಬ್ಬರು ಇಷ್ಟೊಂದು ಬೇಡವೆಂದರು, ನಲ್ಲಿಯೊಳಗಿನ ರಾಜ ಪಟ್ಟದಿಂದ ಇಳಿದ. ತಮಾಷೆ ಪಕ್ಕಕ್ಕಿಡಿ: ಆಸ್ಪತ್ರೆಯ ಆಯಾ, ಕಾಲೇಜಿನ ಜವಾನ, ವಾಲ್ವು ತಿರುಗಿಸುವವನು, ಇವರನ್ನು ಕೆಲಸದಿಂದ ತೆಗೆದರೆ ತಟ್ಟಲು ಒಂದು ಬಾಗಿಲು ಗಟ್ಟಿಯಾಗಿ ಸಿಕ್ಕಿದ್ದು ಆ ತೀರ್ಪಿನಿಂದಲೇ.

ಎಲ್ಲರಿಗೂ ತೆರೆಯಲಿಲ್ಲ ಬಾಗಿಲು. ಗೋವಾದ ಶಿಕ್ಷಕಿಯೊಬ್ಬರು ತಟ್ಟಿ ನೋಡಿದರು. 1988ರಲ್ಲಿ ಉತ್ತರ ಬಂತು: ಶಾಲೆ ಕೈಗಾರಿಕೆ ಹೌದು, ಪಾಠ ಹೇಳುವವರು ಕಾರ್ಮಿಕರಲ್ಲ. ಮಗಳ ಗಂಡ ಹೌದಂತೆ, ಅಳಿಯ ಮಾತ್ರ ಅಲ್ಲವಂತೆ.

ನೀವೇ ಬಿಡಿಸಿ ಬರೆಯಿರಿ ಎಂದು 1978ರಲ್ಲೇ ನ್ಯಾಯಮೂರ್ತಿಗಳು ಸಂಸತ್ತಿನ ಕಡೆ ಬೆರಳು ತೋರಿದ್ದರು. ಸಂಸತ್ತು 1982ರಲ್ಲಿ ಬರೆಯಿತು. ಆಸ್ಪತ್ರೆ, ವಿದ್ಯಾಸಂಸ್ಥೆ ಮತ್ತೆ ಹೊರಗೆ. ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಆ ವ್ಯಾಖ್ಯೆ ಜಾರಿಗೆ ಬರುವ ದಿನಾಂಕ ಗೆಜೆಟ್ಟಿನಲ್ಲಿ ಬರಲೇ ಇಲ್ಲ. ಹೊರಗೆ ಹಾಕಿದವರಿಗೆ ಬೇರೆ ಏರ್ಪಾಡು ಆಗಿಲ್ಲ ಎಂಬುದು ಸರ್ಕಾರದ ಸಬೂಬು. ಹೆಣ್ಣು ಒಪ್ಪಿ, ಛತ್ರ ಹಿಡಿದು, ಲಗ್ನಪತ್ರಿಕೆ ಹಂಚಿ, ಮುಹೂರ್ತ ಮಾತ್ರ ಇಡದೆ 43 ವರ್ಷ ಕೂತರೆ ಬೀಗರು ಎಷ್ಟು ಅಂತ ಕಾಫಿ ಕುಡಿಯುತ್ತಾರೆ?

ಮಧ್ಯೆ 2005ರಲ್ಲಿ ಐವರಿಗೆ ಆ ಏಳು ಮಂದಿಯ ಮೇಲೆ ಅನುಮಾನ ಹುಟ್ಟಿತು. ಐದು ಏಳನ್ನು ಹೊಡೆಯುವಂತಿಲ್ಲವಲ್ಲ, ದೊಡ್ಡವರು ನೋಡಲಿ ಎಂದರು. ದೊಡ್ಡವರು 2017ರಲ್ಲಿ ನೋಡಿದರು. ಅವರೂ ಏಳೇ ಮಂದಿ. ಒಂಬತ್ತು ಬೇಕು ಎಂದು ಎದ್ದರು.

2025ರ ನವೆಂಬರ್ 21ರಂದು ಹಳೆಯ ಕಾಯ್ದೆಯೇ ತೀರಿಕೊಂಡಿತು. ಒಂಬತ್ತು ಮಂದಿಯ ಉತ್ತರ ಅಷ್ಟರಲ್ಲಿ ಬಂದಿರಲಿಲ್ಲ. ಅಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅಯ್ಯರ್ ಅವರ ಅಳತೆಗೋಲನ್ನೇ ಬಹಳಷ್ಟು ಎತ್ತಿಕೊಂಡು, ಕೆಲವನ್ನು ಹೊರಗಿಟ್ಟಿದೆ: ಸರ್ಕಾರದ ಸಾರ್ವಭೌಮ ಕೆಲಸಗಳು, ಮನೆಗೆಲಸ, ಮತ್ತು ಧರ್ಮಾರ್ಥ, ಸಾಮಾಜಿಕ, ಪರೋಪಕಾರದ ಸೇವೆಯಲ್ಲಿ ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ತೊಡಗಿದವರ ಸಂಸ್ಥೆಗಳು. ನನಗೆ ಗೊತ್ತಿರುವ ವಕೀಲರೊಬ್ಬರಿಗೆ ಇದನ್ನು ಓದಿ ಹೇಳಿದೆ. ‘ಬಹುಮಟ್ಟಿಗೆ’ ಎಂಬಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದು, ಪ್ರೀತಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

“ಎಷ್ಟು ಮಟ್ಟಿಗೆ ಸ್ವಾಮಿ?” ಎಂದೆ.

“ಸದ್ಯಕ್ಕೆ ಮೂರು ಕುರ್ಚಿ ಹಾಕಿಸಲಿ, ನೋಡೋಣ” ಎಂದರು.