ಎಕ್ಸೆಲ್ ಪಂಚಾಂಗ

ನಮ್ಮ ಅಪಾರ್ಟ್‌ಮೆಂಟಿನ ಖಜಾಂಚಿ ರಾಯರದು ಒಂದೇ ಗೋಳು: "ತಾರೀಖು ಕಣ್ಣೆದುರಿಗೇ ಕೂತಿದೆ ಸ್ವಾಮಿ, ಈ ವಿ-ಲುಕಪ್ ಇಲ್ಲ ಅಂತ ಸಾಧಿಸುತ್ತೆ!" ಮೆಂಟೆನೆನ್ಸ್ ಲೆಕ್ಕದಲ್ಲೂ 13-06-2024, ಬ್ಯಾಂಕಿನಿಂದ ಇಳಿಸಿಕೊಂಡ ಫೈಲಿನಲ್ಲೂ 13-06-2024. ಎರಡನ್ನೂ ಹೊಂದಿಸಿ ಹುಡುಕಬೇಕಾದ ಆ ಎಕ್ಸೆಲ್ ಫಾರ್ಮುಲಾದ ಉತ್ತರ ಮಾತ್ರ 'ಸಿಗಲಿಲ್ಲ' ಎನ್ನುವ ಎನ್‌ಎ.

ಎಕ್ಸೆಲ್‌ಗೆ ತಾರೀಖು ಅಂದರೆ ಬರೀ ದಿನಗಳ ಎಣಿಕೆ. 1900ರ ಜನವರಿ 1 ಅದರ ಒಂದನೇ ದಿನ. ಆ ಲೆಕ್ಕದಲ್ಲಿ ನಮಗೆ ಸ್ವಾತಂತ್ರ್ಯ ಬಂದದ್ದು 17394ರಂದು, ಕನ್ನಡನಾಡು ಒಂದಾದದ್ದು 20760ರಂದು. ಕುವೆಂಪು ಹುಟ್ಟಿದ್ದು 1825ರಂದು. ಇಸವಿ ಅಂದುಕೊಂಡು ಗಾಬರಿಯಾಗಬೇಡಿ. ಬೇಂದ್ರೆ, ಮಾಸ್ತಿ ಹುಟ್ಟಿದ್ದು 1900ಕ್ಕೂ ಮೊದಲು. ಅವರ ಜನ್ಮದಿನವನ್ನು ಎಕ್ಸೆಲ್ ತಾರೀಖೆಂದೇ ಒಪ್ಪುವುದಿಲ್ಲ. ಆದರೆ ನಾವು ಬಳಸುವ ಕ್ಯಾಲೆಂಡರಿನಲ್ಲಿ ಇಲ್ಲದ 1900ರ ಫೆಬ್ರುವರಿ 29ಕ್ಕೆ 60ನೇ ನಂಬರು ಕೊಟ್ಟು ಕೂರಿಸಿಕೊಂಡಿದೆ! ಅದಕ್ಕೂ ಹಿಂದಿನ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ ಮಾಡಿದ್ದ ತಪ್ಪು ಅದು. ಹೊಂದಾಣಿಕೆ ಇರಲೆಂದು ಎಕ್ಸೆಲ್ ಅದನ್ನೂ ಉಳಿಸಿಕೊಂಡಿತು.

ರಾಯರ ಲ್ಯಾಪ್‌ಟಾಪ್‌ನ ಸೆಟ್ಟಿಂಗ್ ಅಮೆರಿಕದ್ದು. ಮೊದಲು ತಿಂಗಳು, ಆಮೇಲೆ ದಿನ. ಹದಿಮೂರನೇ ತಿಂಗಳು ಇಲ್ಲವಲ್ಲ, ಹಾಗಾಗಿ ಬ್ಯಾಂಕಿನ 13-06 ದಿನದೆಣಿಕೆಯ ನಂಬರಾಗದೆ ಬರೀ ಅಕ್ಷರವಾಗಿ ಉಳಿಯಿತು. ಕಾಲಮ್ ಅಗಲಿಸಿ ತೋರಿಸಿದೆ: ಅಸಲಿ ತಾರೀಖುಗಳು ಬಲಕ್ಕೆ ಒತ್ತಿ ನಿಂತಿದ್ದವು, ಇದು ಎಡಕ್ಕೆ. ಹನ್ನೆರಡರೊಳಗಿನವುಗಳ ಕಥೆ ಇನ್ನೂ ಸೊಗಸು. ಜೂನ್ 5ಕ್ಕೆ ದುಡ್ಡು ಕಟ್ಟಿದವರು ಮೇ 6ಕ್ಕೇ ಕಟ್ಟಿದ ಸಜ್ಜನರಾದರು. ಜೂನ್ 12ರವರು ಡಿಸೆಂಬರ್ 6ರವರೆಗೆ ಬಾಕಿದಾರರು!

ರಾಯರ ಅಳಿಯ ಫಾರ್ಮುಲಾದಲ್ಲಿ ನಿಖರವಾಗಿ ಹೊಂದಲೇಬೇಕು ಎನ್ನುವ ಕೊನೆಯ 'ಫಾಲ್ಸ್' ಕಿತ್ತುಹಾಕಿ ಎನ್‌ಎ ಓಡಿಸಿದ್ದ. ಆಗ ವಿ-ಲುಕಪ್ ಸರಿಯಾದದ್ದು ಸಿಗದಿದ್ದರೆ ಅದಕ್ಕಿಂತ ಹಿಂದಿನದನ್ನು ಎತ್ತಿಕೊಡುತ್ತದೆ. ಕಾಲಮ್ ತುಂಬ ಉತ್ತರ, ಆದರೆ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಎನ್‌ಎ ಎಷ್ಟೋ ವಾಸಿ.

ಬ್ಯಾಂಕಿನ ಫೈಲನ್ನು 'ಟೆಕ್ಸ್ಟ್ ಇಂಪೋರ್ಟ್ ವಿಝಾರ್ಡ್' ಮೂಲಕ ಮತ್ತೆ ತೆರೆದು, ತಾರೀಖಿನ ಕಾಲಮ್ಮಿಗೆ ದಿನ-ತಿಂಗಳು-ವರ್ಷ ಎಂದು ಆರಿಸಿದಾಗ ಎಲ್ಲ ಹೊಂದಿತು. ಸಮಾಧಾನಕ್ಕೆಂದು ವಿಜ್ಞಾನಿಗಳ ಪಾಡು ಹೇಳಿದೆ: 'ಮಾರ್ಚ್1' ಎಂಬ ವಂಶವಾಹಿಯನ್ನು ಎಕ್ಸೆಲ್ ಮಾರ್ಚ್ ಒಂದನೇ ತಾರೀಖು ಮಾಡುತ್ತಿತ್ತು, ಕೊನೆಗೆ 2020ರಲ್ಲಿ ವಂಶವಾಹಿಯ ಹೆಸರನ್ನೇ 'ಮಾರ್ಚ್‌ಎಫ್1' ಎಂದು ಬದಲಿಸಿದರು.

ರಾಯರು ಥಟ್ಟನೆ ಫ್ಲ್ಯಾಟ್ ನಂಬರಿನ ಕಾಲಮ್ ನೋಡಿದರು. ಮೂರನೇ ಬ್ಲಾಕಿನ ಹನ್ನೆರಡನೇ ಮನೆ, 3-12, ಮಾರ್ಚ್ 12 ಆಗಿ ಕೂತಿತ್ತು. ಮುಂದಿನ ಜನರಲ್ ಬಾಡಿ ಮೀಟಿಂಗಿನ ಅಜೆಂಡಾ ಬಂದಿದೆ: ಬ್ಲಾಕ್‌ಗಳ ಮರುನಾಮಕರಣ.