ಕಡತದ ಕಾಶಿಯಾತ್ರೆ

ದೆಹಲಿ ಕರ್ನಾಟಕ ಸಂಘಕ್ಕೆ ನಾಟಕ ನೋಡಲು ಹೋದವರಿಗೆ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಒಳಗೆ ಎರಡನೆಯ ಗಂಟೆ ಹೊಡೆದರೂ ಹೊರಗೆ ಕಾಫಿ ಹಿಡಿದು ನಿಂತು ವಿಸಿಟಿಂಗ್ ಕಾರ್ಡ್ ಹಂಚುತ್ತಿರುತ್ತಾರೆ. ಕಾರ್ಡಿನಲ್ಲಿ ‘ವಕೀಲರು, ಸುಪ್ರೀಂ ಕೋರ್ಟ್’ ಎಂಬುದು ಸಣ್ಣಕ್ಷರ. ‘ನಿವೃತ್ತ ಉಪ ಕಾನೂನು ಸಲಹೆಗಾರರು, ಭಾರತ ಸರ್ಕಾರ’ ಎಂಬುದು ದಪ್ಪಕ್ಷರ. ಹೆಸರು ಬೇಡ, ರಾಯರು ಅಂದರೆ ಸಾಕು.

ಧಾರವಾಡದಲ್ಲಿ ಕಾನೂನು ಓದಿ ಸನದು ಪಡೆದ ರಾಯರಿಗೆ ಬೇಗನೆ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿತು. ಪೂರ್ಣಾವಧಿ ಸಂಬಳಕ್ಕಿರುವವರು ವಕಾಲತ್ತು ಮಾಡುವಂತಿಲ್ಲ ಎಂಬುದು ಬಾರ್ ಕೌನ್ಸಿಲ್ ನಿಯಮ. ಸನದು ಅಮಾನತಾಯಿತು, ಕರಿಕೋಟು ಟ್ರಂಕು ಸೇರಿತು. ಅರವತ್ತಕ್ಕೆ ಹೊರತೆಗೆದಾಗ ಕೋಟು ಇದ್ದ ಹಾಗೇ ಇತ್ತು, ರಾಯರು ಇರಲಿಲ್ಲ.

ಆರ್.ಕೆ. ಪುರಂ ಕ್ವಾರ್ಟರ್ಸ್ ಬಿಟ್ಟು ನೊಯ್ಡಾದ ಹದಿನಾಲ್ಕನೆಯ ಮಹಡಿ ಏರಿದರು. ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಲು ಅಡ್ವೊಕೇಟ್ ಆನ್ ರೆಕಾರ್ಡ್ ಆಗಿರಬೇಕು. ಅದಕ್ಕೊಂದು ಪರೀಕ್ಷೆ, ಜೊತೆಗೆ ಕೋರ್ಟಿನ ಸುತ್ತ 16 ಕಿಲೋಮೀಟರಿನೊಳಗೆ ದೆಹಲಿಯಲ್ಲೇ ಒಂದು ಕಚೇರಿ. ರಾಯರು ನಕ್ಷೆಯ ಮೇಲೆ ಕೈವಾರ ತಿರುಗಿಸಿದರು. ಮನೆ ವೃತ್ತದೊಳಗೆ ಬಿತ್ತು, ರಾಜ್ಯ ತಪ್ಪಿತು. ಕೊನೆಗೆ ಪರೀಕ್ಷೆ ಪಾಸಾದ ಹುಡುಗನೊಬ್ಬನ ಜೊತೆ ಸೇರಿಕೊಂಡರು. ಅವನನ್ನು ‘ಸರ್’ ಅನ್ನಬೇಕೋ ‘ತಮ್ಮಾ’ ಅನ್ನಬೇಕೋ ಇನ್ನೂ ತೀರ್ಮಾನವಾಗಿಲ್ಲ.

ಮನೆಯಲ್ಲಿ ಇಲಾಖೆ ಮುಂದುವರಿದಿದೆ. ಬಂದ ಕಾಗದಕ್ಕೆಲ್ಲ ಡೈರಿ ನಂಬರು. ಹಸಿರು ಹಾಳೆಯಲ್ಲಿ ಟಿಪ್ಪಣಿ ಬರೆದು, ‘ಆದೇಶಕ್ಕಾಗಿ ಸಲ್ಲಿಸಿದೆ’ ಎಂದು ಮುಗಿಸಿ, ಎದ್ದು ಎದುರಿನ ಕುರ್ಚಿಯಲ್ಲಿ ಕೂತು ತಾವೇ ‘ಒಪ್ಪಿದೆ’ ಎಂದು ಸಹಿ ಹಾಕುತ್ತಾರೆ. ಒಮ್ಮೊಮ್ಮೆ ‘ಚರ್ಚಿಸಿ’ ಎಂದು ವಾಪಸು ಕಳಿಸಿಕೊಳ್ಳುವುದೂ ಉಂಟು.

‘ರೀ, ಪಲ್ಯೆದಂವ ಕೆಳಗ ನಿಂತಾನ. ಅವಂಗೂ ಡೈರಿ ನಂಬರ ಕೊಡವ್ರೇನ?’ ಎಂದು ಮನೆಯಾಕೆ ಕೇಳುತ್ತಾರೆ.

ಆದರೆ ರಾಯರ ನಿಜವಾದ ವಿದ್ವತ್ತು ಬೇರೆಯೇ. ಹೈಕೋರ್ಟ್ ತೀರ್ಪಿನ ಮೇಲೆ ವಿಶೇಷ ಅನುಮತಿ ಅರ್ಜಿಗೆ ಸಾಮಾನ್ಯವಾಗಿ 90 ದಿನ. ಸರ್ಕಾರಕ್ಕೆ ಅದು ಕಡತದ ದಾರ ಬಿಚ್ಚುವ ಹೊತ್ತು. ಹಾಗಾಗಿ ವಿಳಂಬ ಮನ್ನಿಸಿ ಎಂಬ ಇನ್ನೊಂದು ಅರ್ಜಿ ಬೆನ್ನಿಗೇ ಹೋಗುತ್ತದೆ. ಅದರಲ್ಲಿ ರಾಯರು ಕವಿ. ಇಂಥ ತಾರೀಖು ಕಡತ ಕೆಳಗಿನ ಮೇಜು ಬಿಟ್ಟಿತು, ಇಂಥ ತಾರೀಖು ಮೇಲಿನ ಮೇಜು ತಲುಪಿತು, ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು, ದೀಪಾವಳಿ ಬಂತು. ಓದಿದರೆ ಸಾಕ್ಷಾತ್ ಕಾಶಿಯಾತ್ರೆ. 2012ರಲ್ಲಿ ಸುಪ್ರೀಂ ಕೋರ್ಟ್ ಅಂಚೆ ಇಲಾಖೆಯ 427 ದಿನಗಳ ವಿಳಂಬ ಮನ್ನಿಸದೆ, ಕಾಲಮಿತಿ ಸರ್ಕಾರಕ್ಕೂ ಅನ್ವಯ ಎಂದಿತು. ಆ ರಾತ್ರಿ ರಾಯರಿಗೆ ಊಟ ಸೇರಲಿಲ್ಲ. ಒಂದು ಸಾಹಿತ್ಯ ಪ್ರಕಾರವೇ ಅಳಿಯಿತಲ್ಲ ಎಂಬ ಸಂಕಟ.

ಮೊನ್ನೆ ಹಾವೇರಿ ಕಡೆಯ ರೈತನೊಬ್ಬ ಬಂದ. ಜಮೀನಿನ ಪರಿಹಾರವನ್ನು ಹೈಕೋರ್ಟ್ ಹೆಚ್ಚಿಸಿದೆ. ಯಾವುದೋ ಇಲಾಖೆ ವರ್ಷ ಕಳೆದ ಮೇಲೆ ಮೇಲ್ಮನವಿ ಹಾಕಿದೆ. ವಿಳಂಬ ಮನ್ನಿಸಬಾರದೆಂದು ರಾಯರು ವಾದಿಸಬೇಕು! ಎದುರಾಳಿಯ ಅರ್ಜಿ ಓದುತ್ತ ಎರಡನೆಯ ಪುಟಕ್ಕೇ ಕಣ್ಣು ಒದ್ದೆಯಾದವು.

‘ಏನ್ ಬರದಾನಪಾ! ಈ ‘ಅನಿವಾರ್ಯ ಆಡಳಿತಾತ್ಮಕ ಕಾರಣ’ ನಂದs ಮಾತು.’

‘ಸಾಹೇಬ್ರ, ನೀವು ಯಾರ ಕಡೆ ಅದೀರಿ?’

ಅಷ್ಟರಲ್ಲಿ ಪೆನ್ಸಿಲ್ ನಿಂತಿತು. ಎರಡು ಮೇಜುಗಳ ನಡುವೆ ಹದಿನೇಳು ದಿನ ಕಡತ ಎಲ್ಲಿತ್ತೆಂದು ಬರೆದೇ ಇಲ್ಲ! ಕಡತ ಎಲ್ಲೆಲ್ಲಿ ಮಲಗುತ್ತದೆಂದು ಬಲ್ಲವರಿಗಲ್ಲದೆ ಬೇರೆಯವರಿಗೆ ಇದು ಕಾಣುತ್ತಿರಲಿಲ್ಲ.

ವಿಚಾರಣೆಯ ದಿನ ನ್ಯಾಯಮೂರ್ತಿಗಳಿಗೂ ಆ ಹದಿನೇಳು ದಿನ ಹಿಡಿಸಿತು. ‘ನೀವೇನಾದರೂ ಹೇಳುವುದಿದೆಯೇ?’ ಎಂದು ರಾಯರತ್ತ ತಿರುಗಿದರು. ರಾಯರು ಬಾಗಿದರು. ಮೂವತ್ತು ವರ್ಷ ಇಲಾಖೆಯ ವಕೀಲರ ಹಿಂದೆ ಕೂತು ಅವರ ಕಿವಿಯಲ್ಲಿ ಪಿಸುಗುಟ್ಟಿದ್ದ ಮಾತು ತಾನಾಗಿ ಹೊರಬಿತ್ತು: ‘ಫೋರ್ ವೀಕ್ಸ್, ಮೈ ಲಾರ್ಡ್.’

ಇಂಗ್ಲಿಷ್ ಬಾರದ ರೈತನಿಗೂ ಅಷ್ಟು ತಿಳಿಯಿತು. ಹಿಂದಿನಿಂದ ಗೌನಿನ ತುದಿ ಹಿಡಿದು ಜಗ್ಗಿದ.